ಹಣದ ಆಸೆ, ಶರಣರ ಅಳತೆ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಇಂದಿನ ಚಿಂತನೆಗೆ ‘ಕಾಯಕ ಮತ್ತು ಸಂಪತ್ತು’ ಎಂಬ ವಿಷಯ ಕೊಟ್ಟಿದ್ದಾರೆ. ಈ ವಿಷಯ ಬಂದಾಗ ದುರಾಸೆಯನ್ನು ಖಂಡಿಸಿ, ಸರಳ ಜೀವನವನ್ನು ಹೊಗಳಿ ಕುಳಿತುಕೊಳ್ಳುವುದು ರೂಢಿ. ದುರಾಸೆಯನ್ನು ಖಂಡಿಸಲೇಬೇಕು. ಆದರೆ ಈ ಸಭೆಯಲ್ಲಿ ಕುಳಿತ ಅನೇಕರ ತೊಂದರೆ ಬೇರೆಯೇ ಇದೆ. ಅವರು ಪ್ರಾಮಾಣಿಕರು. ಮೈಮುರಿದು ದುಡಿಯುತ್ತಾರೆ. ಆದರೂ ಇನ್ನಷ್ಟು ಆದಾಯ ಬೇಕು ಎಂದು ಮನಸ್ಸಿನಲ್ಲಿ ಬಂದ ಕೂಡಲೇ, ಏನೋ ತಪ್ಪು ಮಾಡಿದವರಂತೆ ಕುಗ್ಗುತ್ತಾರೆ. ಪಗಾರ ಹೆಚ್ಚಿಸಿರಿ ಎಂದು ಕೇಳಲು ನಾಲಿಗೆ ಏಳುವುದಿಲ್ಲ. ಮಾಡಿದ ಕೆಲಸಕ್ಕೆ ಬಿಲ್ಲು ಬರೆಯುವಾಗ ಕೈ ತಡೆಯುತ್ತದೆ. ಕೊರಳಲ್ಲಿ ಲಿಂಗವಿದೆ, ನನಗೇಕೆ ಹಣದ ಹಂಬಲ ಎಂದು ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ಇತ್ತ, ಯಾರಿಗೆ ಅಳುಕು ಇರಬೇಕಾಗಿತ್ತೋ ಅವರು ನಿಶ್ಚಿಂತೆಯಿಂದ ಇದ್ದಾರೆ. ನಮ್ಮ ಸಮಾಜದಲ್ಲಿ ಅಳುಕು ತಪ್ಪು ವಿಳಾಸಕ್ಕೆ ತಲುಪಿದೆ. ಅದನ್ನು ಸರಿಯಾದ ವಿಳಾಸಕ್ಕೆ ಕಳಿಸುವುದು ಹೇಗೆ ಎಂಬುದಷ್ಟೇ ಇಂದು ನನ್ನ ಮಾತು.

ನಾನು ಶಾಸ್ತ್ರ ಪಂಡಿತನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರದ ಎಂಜಿನಿಯರ್ ಆಗಿ ಕಾಲುವೆ, ಸೇತುವೆ, ರಸ್ತೆಗಳ ಕೆಲಸ ಮಾಡಿದವನು. ಅಳತೆಯ ಭಾಷೆ ನನಗೆ ಗೊತ್ತು. ಶರಣರನ್ನು ಓದಿದಾಗಲೂ ನನಗೆ ಮೊದಲು ಕಾಣಿಸಿದ್ದು ಅವರ ಅಳತೆಯೇ.

ಶರಣರು ಹಣವನ್ನು ಮುಟ್ಟದವರೆ?

ಈ ಅಳುಕು ಎಲ್ಲಿಂದ ಬಂತು? ಸನ್ಯಾಸವೇ ಶ್ರೇಷ್ಠ, ಸಂಸಾರ ಕನಿಷ್ಠ ಎಂಬ ಹಳೆಯ ಭಾವನೆ ನಮ್ಮ ರಕ್ತದಲ್ಲಿ ಇನ್ನೂ ಉಳಿದಿದೆ. ಜೊತೆಗೆ, ನಮ್ಮ ಕಣ್ಣೆದುರು ಶ್ರೀಮಂತರಾದವರಲ್ಲಿ ಕೆಲವರು ಹೇಗೆ ಶ್ರೀಮಂತರಾದರು ಎಂಬುದು ಊರಿಗೆಲ್ಲ ಗೊತ್ತು. ಹೀಗಾಗಿ ಹಣವಂತ ಎಂದರೆ ಕಳ್ಳ, ಬಡವ ಎಂದರೆ ಒಳ್ಳೆಯವ ಎಂಬ ಲೆಕ್ಕ ನಮ್ಮ ತಲೆಯಲ್ಲಿ ಕೂತಿದೆ. ಈ ಎರಡೂ ಶರಣರ ಲೆಕ್ಕಗಳಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿರಿ. ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ನಾಡಿನ ಹಣವೆಲ್ಲ ಅವರ ಕೈಯಿಂದ ಹಾದು ಹೋಗುತ್ತಿತ್ತು. ಹಣ ಮೈಲಿಗೆ ಎಂದು ಅವರು ಆ ಹುದ್ದೆಯನ್ನು ಬಿಟ್ಟು ಕಾಡಿಗೆ ಹೋಗಲಿಲ್ಲ. ಭಂಡಾರದ ಹಣವನ್ನು ಜಂಗಮರಿಗೆ ವೆಚ್ಚ ಮಾಡುತ್ತಿದ್ದಾರೆ ಎಂದು ಚಾಡಿ ಹೇಳಿದವರಿದ್ದರು. ಲೆಕ್ಕ ತೆಗೆಸಿ ಎಣಿಸಿದಾಗ ಒಂದಿಷ್ಟೂ ಕಡಿಮೆ ಇರಲಿಲ್ಲ ಎಂದು ಬಸವಪುರಾಣದ ಕಥೆ ಹೇಳುತ್ತದೆ. ಆಡಿಟ್ ಎದುರಿಸಿದ ನಮ್ಮಂಥವರಿಗೆ ಈ ಕಥೆ ಬಹಳ ಹತ್ತಿರದ್ದು. ಹಣದಿಂದ ದೂರ ಓಡಿಹೋದವರ ಪ್ರಾಮಾಣಿಕತೆ ಪರೀಕ್ಷೆಗೆ ಒಳಗಾಗುವುದೇ ಇಲ್ಲ. ಹಣದ ನಡುವೆ ಕುಳಿತು ಲೆಕ್ಕ ಶುದ್ಧವಾಗಿಟ್ಟವರದು ಪರೀಕ್ಷೆ ಪಾಸಾದ ಪ್ರಾಮಾಣಿಕತೆ.

ಅನುಭವ ಮಂಟಪದಲ್ಲಿ ಕುಳಿತವರು ಯಾರು? ಅಂಬಿಗರು, ಮಡಿವಾಳರು, ಹಗ್ಗ ಹೊಸೆಯುವವರು, ಕಟ್ಟಿಗೆ ಮಾರುವವರು. ಎಲ್ಲರೂ ತಮ್ಮ ಕಾಯಕದಿಂದ ಗಳಿಸಿದರು. ಆ ಗಳಿಕೆಯಿಂದ ಮನೆ ನಡೆಸಿದರು, ದಾಸೋಹ ಮಾಡಿದರು. ಗಳಿಕೆಯೇ ಇಲ್ಲದಿದ್ದರೆ ದಾಸೋಹ ಎಲ್ಲಿಂದ ಬರಬೇಕಿತ್ತು? ಅಲ್ಲಮಪ್ರಭುಗಳು ಮಾಯೆಯನ್ನು ಹುಡುಕಿದ್ದು ಮನಸ್ಸಿನೊಳಗೆ. ಹೊನ್ನಿನ ಮೇಲೆ ಅವರು ತಪ್ಪು ಹೊರಿಸಲಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಅಳತೆ

ಈಗ ಯಾರಾದರೂ ಕೇಳಬಹುದು: ಹಾಗಾದರೆ ಆಯ್ದಕ್ಕಿ ಲಕ್ಕಮ್ಮ ಗಂಡನಿಗೆ ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬಾ ಎಂದದ್ದೇಕೆ?

ಕಥೆ ನಿಮಗೆಲ್ಲ ಗೊತ್ತು. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಒಪ್ಪಲಿಲ್ಲ. ಈ ಕಥೆಯನ್ನು ‘ಹೆಚ್ಚು ಬಯಸಬೇಡ’ ಎಂಬ ಒಂದೇ ಮಾತಿಗೆ ಇಳಿಸಿಬಿಟ್ಟಿದ್ದೇವೆ. ನನಗೆ ಅದು ಹಾಗೆ ಕಾಣುವುದಿಲ್ಲ. ಆ ದಿನ ಮಾರಯ್ಯನವರು ಹೆಚ್ಚು ಹೊತ್ತು ದುಡಿದಿರಲಿಲ್ಲ, ದುಡಿಮೆಯ ಬಗೆಯೂ ಬದಲಾಗಿರಲಿಲ್ಲ. ಅವರನ್ನು ಪರೀಕ್ಷಿಸಲೆಂದೇ ಹೆಚ್ಚು ಅಕ್ಕಿಯನ್ನು ಚೆಲ್ಲಿಸಲಾಗಿತ್ತು. ಆ ಹೆಚ್ಚುವರಿ ಅಕ್ಕಿಯ ಹಿಂದೆ ಹೆಚ್ಚುವರಿ ಕಾಯಕ ಇರಲಿಲ್ಲ. ಲಕ್ಕಮ್ಮ ತಡೆದದ್ದು ಅದನ್ನು.

ನಮ್ಮ ಇಲಾಖೆಯಲ್ಲಿ ಅಳತೆ ಪುಸ್ತಕ ಎಂದು ಒಂದಿರುತ್ತದೆ, ಎಂ.ಬಿ. ಎನ್ನುತ್ತೇವೆ. ಆದ ಕೆಲಸವನ್ನು ಅಳೆದು ಅದರಲ್ಲಿ ಬರೆಯಬೇಕು. ಬರೆದಷ್ಟಕ್ಕೆ ಮಾತ್ರ ಬಿಲ್ಲು. ಹತ್ತು ಘನ ಮೀಟರ್ ಮಣ್ಣು ತೆಗೆದು ಹದಿನೈದು ಎಂದು ಬರೆಸಿಕೊಂಡರೆ ಅದು ಕಳವು. ಆದರೆ ಹದಿನೈದು ತೆಗೆದಿದ್ದರೆ ಹದಿನೈದು ಬರೆಯಲೇಬೇಕು. ಅಲ್ಲಿ ಹತ್ತು ಬರೆದರೂ ಆ ಪುಸ್ತಕ ಸುಳ್ಳಾಯಿತು. ಲಕ್ಕಮ್ಮ ಆ ಮನೆಯ ಅಳತೆ ಪುಸ್ತಕವನ್ನು ಶುದ್ಧವಾಗಿ ಇಟ್ಟ ತಾಯಿ.

ನುಲಿಯ ಚಂದಯ್ಯನವರ ಕಥೆಯೂ ಇದನ್ನೇ ಹೇಳುತ್ತದೆ. ಹಗ್ಗಕ್ಕೆ ಅದರ ಯೋಗ್ಯತೆ ಮೀರಿದ ಹೊನ್ನು ಬಂದಾಗ ಅವರು ಒಪ್ಪಲಿಲ್ಲ. ಅದನ್ನು ನಾವು ಮತ್ತೆ ಮತ್ತೆ ಹೇಳುತ್ತೇವೆ. ಆದರೆ ಹಗ್ಗವನ್ನು ಅವರು ಪುಕ್ಕಟೆ ಕೊಟ್ಟವರೂ ಅಲ್ಲ ಎಂಬುದನ್ನು ಮರೆಯುತ್ತೇವೆ. ಅವರು ಕೇಳಿದ್ದು ಹಗ್ಗದ ಬೆಲೆ. ಅದಕ್ಕಿಂತ ಹೆಚ್ಚು ಬೇಡ ಎನ್ನುವುದು ಎಷ್ಟು ಮುಖ್ಯವೋ, ಅಷ್ಟಂತೂ ಬೇಕು ಎನ್ನುವುದೂ ಅಷ್ಟೇ ಮುಖ್ಯ.

ಲಾಭಕ್ಕೂ ಒಂದು ಜಾಗವಿದೆ

ಸರ್ಕಾರಿ ಕಾಮಗಾರಿಗೆ ದರ ಕಟ್ಟುವ ರೀತಿಯನ್ನು ನಿಮಗೆ ಹೇಳುತ್ತೇನೆ. ಸಿಮೆಂಟು, ಕಬ್ಬಿಣ, ಉಸುಕು, ಆಳಿನ ಕೂಲಿ, ಯಂತ್ರದ ಬಾಡಿಗೆ ಎಲ್ಲ ಕೂಡಿಸುತ್ತೇವೆ. ಮೇಲೆ ಮೇಲ್ವಿಚಾರಣೆಯ ಖರ್ಚು ಸೇರುತ್ತದೆ. ಕೊನೆಗೆ ಗುತ್ತಿಗೆದಾರನ ಲಾಭ ಎಂದು ಬೇರೆಯೇ ಒಂದು ಸಾಲು ಇರುತ್ತದೆ. ರಸ್ತೆ ಕಾಮಗಾರಿಯ ದರ ವಿಶ್ಲೇಷಣೆಯಲ್ಲಿ ಅದು ನೂರಕ್ಕೆ 10ರಷ್ಟು. ಸರ್ಕಾರವೇ ಅದನ್ನು ಬರೆದು ಇಟ್ಟಿದೆ. ದುಡ್ಡು ಹಾಕಿದವನಿಗೆ, ನಷ್ಟದ ಹೊಣೆ ಹೊತ್ತವನಿಗೆ ಲಾಭ ಸಿಗಲೇಬೇಕು, ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ ಎಂಬ ತಿಳಿವಳಿಕೆ ಅದರ ಹಿಂದೆ ಇದೆ.

ಟೆಂಡರ್‌ನಲ್ಲಿ ಅಂದಾಜಿಗಿಂತ ತೀರ ಕಡಿಮೆ ಬರೆದವನನ್ನು ನಾವು ತ್ಯಾಗಿ ಎಂದು ಹೊಗಳುವುದಿಲ್ಲ. ಅನುಮಾನಿಸುತ್ತೇವೆ. ಹೆಚ್ಚುವರಿ ಭದ್ರತಾ ಠೇವಣಿ ಕೇಳುವ ಪದ್ಧತಿ ಇದೆ. ಕಾರಣ ಸರಳ. ಅಷ್ಟು ಕಡಿಮೆ ಹಣದಲ್ಲಿ ಆ ಕೆಲಸ ಆಗುವುದಿಲ್ಲ. ಸಿಮೆಂಟಿನಲ್ಲಿ ಕಡಿಮೆಯಾಗುತ್ತದೆ, ಇಲ್ಲವೇ ಆಳಿನ ಕೂಲಿಯಲ್ಲಿ. ತನಗೆ ತಕ್ಕ ಬೆಲೆ ಕೇಳದವನು ಆ ಕೊರತೆಯನ್ನು ಯಾರದಾದರೂ ಹೆಗಲ ಮೇಲೆ ಇಟ್ಟಿರುತ್ತಾನೆ.

ನಮ್ಮ ಓಣಿಯಲ್ಲಿ ಖಡಕ್ ರೊಟ್ಟಿ ಬಡಿದು ಮಾರುವ ಒಬ್ಬ ತಾಯಿ ಇದ್ದಾರೆ. ಜೋಳ ಏರಿತು, ಗ್ಯಾಸು ಏರಿತು, ರೊಟ್ಟಿಯ ದರ ಏರಲಿಲ್ಲ. “ಯಾಕ್ರೀ ಅಕ್ಕಾರ, ದರ ಹೆಚ್ಚ ಮಾಡಂಗಿಲ್ಲೇನು?” ಎಂದು ಕೇಳಿದೆ. “ಉಣ್ಣೂ ಅನ್ನದ ಮ್ಯಾಲ ಹೆಚ್ಚಿಗಿ ರೊಕ್ಕ ಹೆಂಗ ಕೇಳೂದ್ರೀ ಸಾಹೇಬ್ರ, ಪಾಪ ಬರೂದಿಲ್ಲೇನ್ರೀ?” ಎಂದರು. ಅವರ ಮಗಳು ಪಕ್ಕದಲ್ಲೇ ಕೂತು ಹಿಟ್ಟು ನಾದುತ್ತಿದ್ದಳು. ಕಾಲೇಜಿಗೆ ಹೋಗುವ ಹೊತ್ತು ಅದು. ನಾನು ಹೇಳಿದೆ, “ಅಕ್ಕಾರ, ನೀವು ಕೇಳದ ರೊಕ್ಕಾ ಎಲ್ಲಿ ಹೋಗೇದ ನೋಡ್ರಿ. ನಿಮ್ಮ ಮಗಳ ಕಾಲೇಜಿನ್ಯಾಗಿಂದ ಹೋಗೇದ.” ಅನ್ನ ಪವಿತ್ರ ಎನ್ನುವುದು ನಿಜ. ಆ ಅನ್ನ ಮಾಡಿದ ಕೈಗಳೂ ಅಷ್ಟೇ ಪವಿತ್ರ. ಅವುಗಳಿಗೆ ಕೂಲಿ ಬೇಡವೆ?

ಈ ಅಳುಕು ಹೆಣ್ಣುಮಕ್ಕಳಲ್ಲಿ ಹೆಚ್ಚು ಎಂಬುದನ್ನು ಇಲ್ಲಿ ಹೇಳಲೇಬೇಕು. ಹೊಲಿಗೆ, ಅಡುಗೆ, ಮಕ್ಕಳಿಗೆ ಪಾಠ, ಯಾವುದೇ ಇರಲಿ, ದುಡ್ಡಿನ ಮಾತು ಬಂದಾಗ ‘ನಿಮಗೆ ತಿಳಿದಷ್ಟು ಕೊಡ್ರಿ’ ಎನ್ನುತ್ತಾರೆ. ಕೊಡುವವರಿಗೆ ಯಾವಾಗಲೂ ಕಡಿಮೆಯೇ ತಿಳಿಯುತ್ತದೆ. ಹೆಣ್ಣಿನ ಕಾಯಕಕ್ಕೂ ಸಮಾನ ಗೌರವ ಕೊಟ್ಟ ಪರಂಪರೆ ನಮ್ಮದು. ಆ ಗೌರವ ರೂಪಾಯಿಯಲ್ಲಿಯೂ ಕಾಣಬೇಕು.

ನನ್ನದೇ ಒಂದು ಮಾತು ಹೇಳುತ್ತೇನೆ. ನಿವೃತ್ತಿಯ ನಂತರ ಸಣ್ಣ ಸೇತುವೆ, ಕಟ್ಟಡಗಳ ನಕ್ಷೆ ಪರಿಶೀಲಿಸಿಕೊಡಿರಿ ಎಂದು ಕೆಲವರು ಕೇಳತೊಡಗಿದರು. ಹಳೆಯ ಗೆಳೆಯನೊಬ್ಬ, “ಪೆನ್ಶನ್ ಬರ್ತದಲ್ಲೋ, ಇನ್ನೂ ಯಾಕ ರೊಕ್ಕಕ್ಕ ಬಡದಾಡ್ತಿ? ಪುಕ್ಕಟೆ ಮಾಡಿಕೊಡು” ಎಂದ. ಮನಸ್ಸಿಗೆ ನಾಟಿತು. ಕುಳಿತು ಯೋಚಿಸಿದೆ. ನಕ್ಷೆಗೆ ನಾನು ಸಹಿ ಹಾಕಿದರೆ ಆ ಕಟ್ಟಡದ ಕೆಳಗೆ ಓಡಾಡುವವರ ಜೀವದ ಹೊಣೆ ನನ್ನದು. ಅದಕ್ಕೊಂದು ಬೆಲೆ ಇದೆ. ಇನ್ನೂ ದೊಡ್ಡ ಮಾತೆಂದರೆ, ನಮ್ಮ ಊರಲ್ಲೇ ಸಾಲ ಮಾಡಿ ಆಫೀಸು ತೆರೆದ ಹುಡುಗ ಎಂಜಿನಿಯರುಗಳಿದ್ದಾರೆ. ಪಿಂಚಣಿ ಇರುವ ನಾನು ಪುಕ್ಕಟೆ ಮಾಡತೊಡಗಿದರೆ ಅವರ ಅಂಗಡಿಯ ಬಾಗಿಲು ಮುಚ್ಚುತ್ತದೆ. ನನ್ನ ತ್ಯಾಗಕ್ಕೆ ಅವರು ದಂಡ ಕಟ್ಟಬೇಕು. ಅಂದಿನಿಂದ ಪೂರ್ತಿ ಶುಲ್ಕ ತೆಗೆದುಕೊಳ್ಳುತ್ತೇನೆ, ರಸೀದಿ ಕೊಡುತ್ತೇನೆ. ಆದಾಯ ತೆರಿಗೆಯಲ್ಲಿ ತೋರಿಸುತ್ತೇನೆ. ಬಡವರ ಮನೆಯ ಕೆಲಸ ಬಂದಾಗ ಬಿಡುವುದು ಬೇರೆ ಮಾತು. ಅದು ದಾಸೋಹದ ಖಾತೆ.

ಆಸೆ ತಪ್ಪಾಗುವುದು ಎಲ್ಲಿ?

ಹಾಗಾದರೆ ಎಷ್ಟು ಬೇಕಾದರೂ ಬಯಸಬಹುದೆ? ಇದಕ್ಕೆ ಉತ್ತರ ಹುಡುಕಲು ನಿಮ್ಮನ್ನು ಕಾಲುವೆಯ ಮೇಲೆ ಕರೆದೊಯ್ಯುತ್ತೇನೆ.

ತುಂಗಭದ್ರಾ ಎಡದಂಡೆ ಕಾಲುವೆ 200 ಕಿಲೋಮೀಟರಿಗೂ ಉದ್ದ. ಕೊಪ್ಪಳ ಜಿಲ್ಲೆಯಿಂದ ರಾಯಚೂರು ಜಿಲ್ಲೆಯವರೆಗೆ ಹರಿಯುತ್ತದೆ. ಯೋಜನೆ ಮಾಡಿದಾಗ ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಎಂದೇ ಲೆಕ್ಕ ಹಾಕಿದ್ದರು. ನೀರು ಬಂದ ಮೇಲೆ ಮೇಲ್ಭಾಗದವರು ಭತ್ತಕ್ಕೆ ತಿರುಗಿದರು. ಭತ್ತದಲ್ಲಿ ಆದಾಯ ಹೆಚ್ಚು. ಆದರೆ ಜೋಳಕ್ಕೆ ಬೇಕಾಗುವ ನೀರಿನ ಎರಡು ಪಟ್ಟಿಗೂ ಹೆಚ್ಚು ಅದಕ್ಕೆ ಬೇಕು. ಪರಿಣಾಮ ಇಂದು ಎಲ್ಲರಿಗೂ ಗೊತ್ತಿದೆ. ಮಾನ್ವಿ, ಸಿರವಾರ, ರಾಯಚೂರು ಭಾಗದ ಕೊನೆಯ ರೈತರು ವರ್ಷವರ್ಷವೂ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ.

ಇಲ್ಲಿ ತಪ್ಪು ಎಲ್ಲಿದೆ? ಮೇಲಿನ ರೈತನಿಗೆ ಹೆಚ್ಚು ಆದಾಯ ಬೇಕೆನಿಸಿದ್ದರಲ್ಲಿ ಅಲ್ಲ. ಅವನಿಗೂ ಮಕ್ಕಳಿದ್ದಾರೆ, ಸಾಲವಿದೆ. ಕಾಲುವೆಯ ಕೊನೆಯಲ್ಲಿರುವವನ ಪಾಲು ಇವನ ಗದ್ದೆಯಲ್ಲಿ ನಿಂತಾಗ ತಪ್ಪು ಹುಟ್ಟಿತು. ಇದೇ ಅಳತೆಯನ್ನು ನಮ್ಮ ಗಳಿಕೆಗೂ ಹಚ್ಚಬಹುದು. ಹೆಚ್ಚು ಹಣ ಬೇಕೆನಿಸಿದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇದು ನನ್ನ ಕಾಯಕದಿಂದ ಬರುತ್ತಿದೆಯೆ? ಇದರಲ್ಲಿ ಬೇರೆಯವರ ಪಾಲು ಸೇರಿಕೊಂಡಿದೆಯೆ? ಬಂದ ಮೇಲೆ ನನ್ನಲ್ಲೇ ನಿಂತುಬಿಡುತ್ತದೆಯೋ, ಮುಂದಕ್ಕೂ ಹರಿಯುತ್ತದೆಯೋ?

ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕರೆ, ಬಂಧುಗಳೆ, ಅಳುಕು ಬೇಡ. ಧೈರ್ಯವಾಗಿ ಕೇಳಿರಿ, ಗಳಿಸಿರಿ. ಒಂದಕ್ಕೆ ಉತ್ತರ ಸಿಗದಿದ್ದರೂ ಮೊತ್ತ ನೂರು ರೂಪಾಯಿಯೇ ಆಗಿರಲಿ, ಅಳುಕಿರಿ. ಸಹಿ ಹಾಕಲು ಲಂಚ ಕೇಳುವವನು, ಆಳಿನ ಕೂಲಿಯಲ್ಲಿ ಹಿಡಿದುಕೊಳ್ಳುವವನು, ತೂಕದಲ್ಲಿ ಮೋಸ ಮಾಡುವವನು ಮೊದಲ ಎರಡು ಪ್ರಶ್ನೆಗೇ ಬೀಳುತ್ತಾನೆ. ಅಳುಕಿನ ಸರಿಯಾದ ವಿಳಾಸ ಅದು.

ಗಳಿಕೆ ಹರಿದಾಗ

ಮೂರನೆಯ ಪ್ರಶ್ನೆಗೆ ನಮ್ಮ ಹಿರಿಯರು ಹೇಗೆ ಉತ್ತರ ಕೊಟ್ಟರು ನೋಡಿರಿ. ಫ.ಗು. ಹಳಕಟ್ಟಿಯವರನ್ನು ನಾವು ವಚನ ಪಿತಾಮಹ ಎಂದು ಪೂಜಿಸುತ್ತೇವೆ. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ವಾಸದ ಮನೆ ಮಾರಿ ಮುದ್ರಣಾಲಯ ಹಾಕಿದರು. ಅವರ ಹರಿದ ಕೋಟಿನ ಕಥೆ ಪ್ರತಿ ಭಾಷಣದಲ್ಲೂ ಬರುತ್ತದೆ. ಅದೇ ಹಳಕಟ್ಟಿಯವರು 1912ರಲ್ಲಿ ವಿಜಯಪುರದಲ್ಲಿ ಸಿದ್ಧೇಶ್ವರ ಬ್ಯಾಂಕು ಕಟ್ಟುವುದಕ್ಕೆ ಮುಂದಾದರು ಎಂಬುದನ್ನು ಎಷ್ಟು ಜನ ನೆನೆಯುತ್ತೇವೆ? ತಮಗೆ ಕಡಿಮೆ ಸಾಕು ಎಂದವರು ಜನರಿಗೂ ಕಡಿಮೆ ಸಾಕು ಎನ್ನಲಿಲ್ಲ. ಸಣ್ಣ ವ್ಯಾಪಾರಿಯ ಕೈಗೂ ಬಂಡವಾಳ ಬರಬೇಕು ಎಂದರು.

ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನಮ್ಮ ನಾಡಿನ ಸಹಕಾರ ಚಳವಳಿಯ ಇತಿಹಾಸ ಅಲ್ಲಿಂದ ಶುರುವಾಗುತ್ತದೆ. ಬಡ್ಡಿಯ ಬಾಯಿಗೆ ಹೋಗುತ್ತಿದ್ದ ದುಡಿಮೆ ರೈತನ ಮನೆಯಲ್ಲೇ ಉಳಿಯಲಿ ಎಂಬ ಆಸೆ ಅದರ ಬೇರು. ಆ ಆಸೆಗೆ ಯಾರಾದರೂ ಪಾಪ ಎನ್ನಲಾದೀತೆ?

ಶಿರಸಂಗಿ ಲಿಂಗರಾಜರು ದೊಡ್ಡ ಸಂಸ್ಥಾನದ ಒಡೆಯರು. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ಆಸ್ತಿಯನ್ನು ಮಕ್ಕಳ ವಿದ್ಯೆಗೆ ಬರೆದಿಟ್ಟರು. ಆ ಟ್ರಸ್ಟಿನ ನೆರವಿನಿಂದ ಓದಿದವರು ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿದ್ದಾರೆ. ಸಂಪತ್ತು ಇಲ್ಲದೆ ಈ ಕೆಲಸ ಆಗುತ್ತಿರಲಿಲ್ಲ. ಸಂಪತ್ತು ಮಾತ್ರ ಇದ್ದಿದ್ದರೂ ಆಗುತ್ತಿರಲಿಲ್ಲ.

ಎರಡು ಕಹಿ ಮಾತು

ಅಪ್ಪಗಳ ಅಪ್ಪಣೆ ಕೇಳಿ ಎರಡು ಕಹಿ ಮಾತು ಆಡುತ್ತೇನೆ. ತಪ್ಪು ದಾರಿಯಲ್ಲಿ ಗಳಿಸಿದವರು ಮಠಕ್ಕೆ ದೊಡ್ಡ ಕಾಣಿಕೆ ಕೊಟ್ಟು, ಫಲಕದ ಮೇಲೆ ಹೆಸರು ಕೆತ್ತಿಸಿ ಹಗುರಾಗುತ್ತಾರೆ. ಅದು ದಾಸೋಹ ಅಲ್ಲ. ಸತ್ಯಶುದ್ಧ ಕಾಯಕದಿಂದ ಬಂದದ್ದು ಮಾತ್ರ ಲಿಂಗಕ್ಕೆ ಸಲ್ಲುತ್ತದೆ ಎಂಬುದು ಶರಣರ ನಿಲುವು. ಕೂಲಿ ಹಿಡಿದುಕೊಂಡವನು ಮಠಕ್ಕೆ ಬರುವ ಮೊದಲು ಆಳಿನ ಮನೆಗೆ ಹೋಗಿ ಬಾಕಿ ತೀರಿಸಲಿ. ಲಕ್ಕಮ್ಮನ ಪ್ರಶ್ನೆಯನ್ನು ನಮ್ಮ ಮಠಗಳೂ ಕೇಳಬೇಕು. ಕೇಳಿದರೆ ಕಾಣಿಕೆ ಸ್ವಲ್ಪ ಕಡಿಮೆಯಾದೀತು, ಗೌರವ ಹೆಚ್ಚುತ್ತದೆ.

ಎರಡನೆಯದು, ಹೊಟ್ಟೆ ತುಂಬಿದ ನಾವು ಇಲ್ಲದವರಿಗೆ ತೃಪ್ತಿಯ ಪಾಠ ಹೇಳುವುದನ್ನು ನಿಲ್ಲಿಸೋಣ. ಮದುವೆಗೆ ಲಕ್ಷಗಟ್ಟಲೆ ಸುರಿಯುವವರು ಮನೆಗೆಲಸದ ತಾಯಿ ಐನೂರು ರೂಪಾಯಿ ಹೆಚ್ಚು ಕೇಳಿದರೆ ‘ಇವರಿಗೆ ಆಸೆ ಬಹಳ’ ಎನ್ನುತ್ತಾರೆ. ತೃಪ್ತಿ ಎನ್ನುವುದು ನಾವು ನಮಗೆ ಹೇಳಿಕೊಳ್ಳುವ ಮಾತು. ಇನ್ನೊಬ್ಬರ ಕೂಲಿ ಕಡಿಯಲು ಬಳಸುವ ಕತ್ತರಿ ಅದಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಕೊನೆಗೆ, ಮನೆಗೆ ಒಯ್ಯಬಹುದಾದ ಮಾತು. ಪ್ರತಿ ಮನೆಯಲ್ಲಿ ಒಂದು ಲೆಕ್ಕದ ಪುಸ್ತಕ ಇಡಿರಿ. ತಿಂಗಳಿಗೊಮ್ಮೆ ಇಷ್ಟಲಿಂಗ ಪೂಜೆಯ ನಂತರ ಗಂಡ, ಹೆಂಡತಿ, ದೊಡ್ಡ ಮಕ್ಕಳು ಕೂಡಿ ತೆರೆಯಿರಿ. ಯಾವ ಹಣ ಎಲ್ಲಿಂದ ಬಂತು ಎಂದು ಓದಿ ಹೇಳಿರಿ. ಮಕ್ಕಳ ಎದುರು ಓದಲು ನಾಚಿಕೆಯಾಗುವ ಸಾಲು ಅದರಲ್ಲಿ ಇರಬಾರದು. ದಾಸೋಹದ ಪಾಲನ್ನು ಉಳಿದದ್ದರಲ್ಲಿ ಕೊಡದೆ ಮೊದಲೇ ತೆಗೆದಿಡಿರಿ. ಎಷ್ಟು ಎಂದು ನಾನು ಹೇಳುವುದಿಲ್ಲ, ಮನೆಯವರು ಕೂಡಿ ನಿರ್ಧರಿಸಲಿ. ಆದಾಯ ಏರಿದಂತೆ ಆ ಪಾಲೂ ಏರಲಿ. ಹಾಗೆಯೇ ನಿಮ್ಮ ಕೆಲಸದ ಬೆಲೆಯನ್ನು ವರ್ಷಕ್ಕೊಮ್ಮೆ ಲೆಕ್ಕ ಹಾಕಿ, ತಲೆ ಎತ್ತಿ ಕೇಳಿರಿ. ನಿಮ್ಮಲ್ಲಿ ದುಡಿಯುವವರು ಕೇಳಿದಾಗಲೂ ಅದೇ ಲೆಕ್ಕ ಹಚ್ಚಿರಿ.

ಯುವಕರಿಗೆ ಒಂದು ಮಾತು. ಹೆಚ್ಚು ಗಳಿಸಬೇಕು ಎಂಬ ನಿಮ್ಮ ಹಂಬಲವನ್ನು ಇಷ್ಟಲಿಂಗದಿಂದ ಮುಚ್ಚಿಡಬೇಡಿರಿ. ಅಂಗೈಯಲ್ಲಿ ಲಿಂಗ ಹಿಡಿದಾಗಲೇ ಆ ಹಂಬಲವನ್ನೂ ಅದರ ಮುಂದಿಡಿರಿ. ದೃಷ್ಟಿ ಇಟ್ಟು ಹೇಳಬಹುದಾದ ಆಸೆ ಶುದ್ಧ ಆಸೆ. ಹೇಳಲು ಕಣ್ಣು ತಪ್ಪಿಸಬೇಕಾದರೆ ಅದನ್ನು ಅಲ್ಲೇ ಬಿಟ್ಟು ಎದ್ದೇಳಿರಿ.